ರಕ್ತದ ವರದಿಯೂ ಎಂಟನೆಯ ಆಜ್ಞೆಯೂ

ಮುಂಡರಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಸೂಜಿಗೆ ತೋಳೊಡ್ಡುವ ರೋಗಿ ಯಂತ್ರವನ್ನು ಕಾಣುವುದಿಲ್ಲ. ಕೈಗೆ ಬಂದ ವರದಿಯನ್ನು ನಂಬುತ್ತಾನೆ. ವರದಿಯೆಂಬುದು ಸಾಕ್ಷ್ಯ. ಅದು ಸುಳ್ಳೆಂದು ಬಲ್ಲ ನೌಕರನ ಕರ್ತವ್ಯವೇನು?

ಕೆಲವೇ ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುವೆವೆಂದು ಅಮೆರಿಕದ ಥೆರಾನೋಸ್ ಕಂಪನಿ ಸಾರಿತ್ತು. 2013ರಲ್ಲಿ ಅದರ ಪ್ರಯೋಗಾಲಯ ಸೇರಿದ ಎರಿಕಾ ಚಂಗ್ ಎಂಬ ಯುವತಿ, ಯಂತ್ರದ ಗುಣಮಟ್ಟ ತಪಾಸಣೆ ಪದೇ ಪದೇ ವಿಫಲವಾಗುವುದನ್ನೂ ಹೊಂದದ ಅಂಕಿಗಳನ್ನು ಕೈಬಿಡುವುದನ್ನೂ ಕಂಡಳು. ಮೇಲಿನವರಿಗೆ ತಿಳಿಸಿದಳು, ಕಿವಿಗೊಡುವವರಿರಲಿಲ್ಲ. ಅಲ್ಲಿ ಒಂದು ವಿಭಾಗದ ಸುದ್ದಿ ಇನ್ನೊಂದಕ್ಕೆ ತಿಳಿಯುವಂತಿರಲಿಲ್ಲ. ಪ್ರಶ್ನೆ ಕೇಳುವುದೇ ನಿಷ್ಠೆಯ ಕೊರತೆ ಎನಿಸಿತ್ತು. 2014ರಲ್ಲಿ ಆಕೆ ಕೆಲಸ ಬಿಟ್ಟಳು. ವಕೀಲರ ಬೆದರಿಕೆ ಬಂದರೂ 2015ರಲ್ಲಿ ಸರ್ಕಾರಿ ನಿಯಂತ್ರಕರಿಗೆ ಪತ್ರ ಬರೆದಳು. ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ 11 ವರ್ಷಕ್ಕೂ ಮಿಕ್ಕಿದ ಶಿಕ್ಷೆಯಾಯಿತು. ಆದರೆ ಅದು ಹಣ ಹೂಡಿದವರನ್ನು ವಂಚಿಸಿದ್ದಕ್ಕೆ. ರೋಗಿಗಳನ್ನು ವಂಚಿಸಿದ ಆರೋಪ ನಿಲ್ಲಲಿಲ್ಲ. ನ್ಯಾಯಾಲಯದ ತಕ್ಕಡಿಯೂ ಕೆಲವೊಮ್ಮೆ ಹೀಗೆಯೇ!

ಮೌನವಾಗಿ ಉಳಿದವರ ಮೇಲೆ ಕಲ್ಲೆಸೆಯುವುದು ಸುಲಭ. ಗದಗ-ಬೆಟಗೇರಿಯ ಲ್ಯಾಬುಗಳಲ್ಲಿ ದುಡಿಯುವ ನಮ್ಮ ಮಕ್ಕಳ ಸಂಬಳವನ್ನೂ ಮನೆಗಳು ನೆಚ್ಚಿಕೊಂಡಿವೆ. ಆದರೂ ಎಂಟನೆಯ ಆಜ್ಞೆ ಹೇಳುವ ನೆರೆಯವರಲ್ಲಿ, ಸೀಸೆಯ ಮೇಲಿನ ಸಂಖ್ಯೆಯಾಗಿ ಮಾತ್ರ ತಲುಪುವ ಶಿರಹಟ್ಟಿಯ ಹೆಣ್ಣುಮಗಳೂ ಸೇರಿದ್ದಾಳೆ. ನಿಜ ನುಡಿದರೆ ಕೆಲಸ ಹೋಗದೆಂಬ ಭರವಸೆ ಕೊಡುವುದು ಒಡೆಯನ ಹೊಣೆ. ಅವನು ಕೊಡದಿದ್ದಾಗ, ಹೊರಗಿನ ಅಧಿಕಾರಿಗೆ ಬರೆಯುವುದನ್ನು ಸ್ವಾಮಿದ್ರೋಹವೆಂದು ನಾನಂತೂ ಕರೆಯಲಾರೆ.