ಅಚ್ಚಿನ ಕಥೆಯೂ ಆಡಿಸುವವನ ಸ್ವಾತಂತ್ರ್ಯವೂ

ಅನ್ಯರು ರಚಿಸಿ ಅಚ್ಚುಹಾಕಿಸಿದ ಕಥೆಯನ್ನು ಆಧಾರವಾಗಿಟ್ಟುಕೊಂಡು ಆಟವನ್ನಾಡಿಸುವವನು ತನ್ನ ಕಲ್ಪನಾಶಕ್ತಿಗೆ ತಾನೇ ಕುಂದನ್ನು ತಂದುಕೊಳ್ಳುವನೆ? ಈ ಪ್ರಶ್ನೆಯು ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳಿಗೆ ಅಪರಿಚಿತವಾದುದಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವನ್ನು ಕಲಿಸುವ ಮೇಷ್ಟರ ಮುಂದೆ ಹಾರ್ಮೋನಿಯಂ ಇರುವಂತೆಯೇ ಅಚ್ಚಿನ ನಾಟಕದ ಪುಸ್ತಕವೂ ಇರುವುದುಂಟು.

ಪುಸ್ತಕವನ್ನು ನೋಡಿ ಕಲಿಸುವುದು ಗಿಳಿಪಾಠವೆಂದೂ, ಸ್ವಂತ ಕಥೆಯನ್ನು ಕಟ್ಟಬಲ್ಲವನೇ ನಿಜವಾದ ಗುರುವೆಂದೂ ಹೇಳುವವರುಂಟು. ಎಲ್ಲಿಯೋ ಕುಳಿತು ಬರೆದ ಕವಿಯು ಈ ಊರಿನವರ ಕಂಠವನ್ನಾಗಲಿ ಶಕ್ತಿಯನ್ನಾಗಲಿ ಅರಿತವನಲ್ಲವೆಂಬುದು ಅವರ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಪುಸ್ತಕವು ಅರಿಯದುದನ್ನು ಅರಿಯುವುದಕ್ಕಾಗಿಯೇ ಅಲ್ಲವೆ ಮೇಷ್ಟರು ಇರುವುದು?

ಪಾತ್ರ ವಹಿಸುವವರು ಬಹುಮಟ್ಟಿಗೆ ಹಗಲೆಲ್ಲ ದುಡಿದು ರಾತ್ರಿ ತಾಲೀಮಿಗೆ ಬರುವವರು. ಖರ್ಚಿಗೆ ತಮ್ಮ ಕೈಯಿಂದಲೇ ಹಣ ಹಾಕುವವರು. ಒಬ್ಬನಿಗೆ ಓದು ಬಾರದು, ಕೇಳಿಯೇ ಕಲಿಯಬೇಕು. ಇನ್ನೊಬ್ಬನ ಕಂಠವು ಕಂದಪದ್ಯದ ಎತ್ತರಕ್ಕೆ ಏರದು. ಕೃಷ್ಣನಾಗಬೇಕೆಂಬ ಆಸೆ ಮೂವರಿಗಿದ್ದರೆ ಕೃಷ್ಣನ ಪಾತ್ರವನ್ನೇ ದೃಶ್ಯಕ್ಕೊಬ್ಬರಂತೆ ಹಂಚಬೇಕಾಗುವುದು. ಶ್ರುತಿಯನ್ನು ತಗ್ಗಿಸಿ, ಮಾತನ್ನು ಮೊಟಕುಮಾಡಿ ಒಬ್ಬೊಬ್ಬನನ್ನೂ ರಂಗಕ್ಕೆ ಸಿದ್ಧಗೊಳಿಸುವ ಈ ಕೆಲಸಕ್ಕೆ ಮನಸ್ಸೆಲ್ಲ ಬೇಕು. ಕಥೆಯ ಕ್ರಮ, ಪದ್ಯಗಳ ಜಾಡು, ದೃಶ್ಯಗಳ ಸಂಬಂಧ ಇವುಗಳನ್ನು ಹಿಂದಿನವರು ಮೊದಲೇ ಸರಿಪಡಿಸಿಟ್ಟಿದ್ದರೆ ಮೇಷ್ಟರ ಗಮನವು ಎದುರಿಗಿರುವ ಮನುಷ್ಯನ ಮೇಲೆ ನಿಲ್ಲುವುದು. ಪುಸ್ತಕದ ಮುಖ್ಯ ಪ್ರಯೋಜನವು ಇದೇ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಚರಿತ್ರೆಯೂ ಇದಕ್ಕೆ ಸಾಕ್ಷಿ. ‘ಸದಾರಮೆ’ಯನ್ನು ಬರೆದವರು ಬೆಳ್ಳಾವೆಯ ನರಹರಿ ಶಾಸ್ತ್ರಿಗಳು; ಆದರೆ ಅದರೊಳಗಿನ ಕಳ್ಳನೆಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದವರು ಗುಬ್ಬಿ ವೀರಣ್ಣನವರು. ಶಾಸ್ತ್ರಿಗಳ ಕೃತಿಯಿಂದ ವೀರಣ್ಣನವರ ಪ್ರತಿಭೆಯು ಕುಗ್ಗಲಿಲ್ಲ. ಅದಕ್ಕೆ ನಿಲ್ಲಲು ನೆಲ ದೊರೆಯಿತು.

ಕರಾವಳಿಯ ತಾಳಮದ್ದಳೆಯಲ್ಲಿ ಈ ಸಂಬಂಧವು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯಗಳು ಮೊದಲೇ ರಚಿತವಾದವು. ಅರ್ಥಧಾರಿಗಳ ಮಾತುಗಳಾದರೋ ಆ ಕ್ಷಣದಲ್ಲಿ ಹುಟ್ಟುವುವು. ಕರ್ಣನು ಬೀಳಲೇಬೇಕು, ಅದು ಪ್ರಸಂಗದ ನಿರ್ಣಯ. ಬೀಳುವ ಮುನ್ನ ಅವನು ಕೃಷ್ಣನನ್ನು ಏನು ಕೇಳುವನೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಹೀಗೆಯೇ ಕುಳಿತು ಆಡುವ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಅಲ್ಲಿ ಒಬ್ಬನು ಕಥೆಯನ್ನು ನಡೆಯಿಸುವನು; ಉಳಿದವರು ತಮ್ಮ ತಮ್ಮ ಪಾತ್ರಗಳಾಗಿ ಮಾತನಾಡುವರು. ನಡೆಯಿಸುವವನ ನೆರವಿಗೆ ಸಿದ್ಧವಾದ ಸಾಹಸಕಥೆಗಳೂ ಅಚ್ಚಾಗಿ ಬರುವುವು. ಅಲ್ಲಿ ಕರ್ಣನಂತೆ ಮೊದಲೇ ಬೀಳಬೇಕಾದವನಿಲ್ಲದುದರಿಂದ, ಆಡುವವರು ಪುಸ್ತಕವು ಎಣಿಸದ ದಾರಿಯನ್ನೂ ಹಿಡಿಯಬಹುದು. ಆಗ ಪುಸ್ತಕವನ್ನು ಬದಿಗಿಟ್ಟು ಅವರ ಹಿಂದೆ ಹೋಗುವುದೇ ನಡೆಯಿಸುವವನ ಧರ್ಮ.

ಹಾಗಾದರೆ ದೋಷವೆಲ್ಲಿ? ಪುಸ್ತಕದಲ್ಲಿಲ್ಲವೆಂದು ಪಾತ್ರಧಾರಿಗೆ ಸಹಜವಾಗಿ ಬಂದ ಒಳ್ಳೆಯ ಮಾತನ್ನು ತಡೆಯುವ ಮೇಷ್ಟರು ಗ್ರಂಥಕ್ಕೆ ದಾಸರಾದರು. ತಮ್ಮ ಹೊಸ ಕಲ್ಪನೆಯ ಪ್ರದರ್ಶನಕ್ಕಾಗಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಬಡವನ ಪದ್ಯಗಳನ್ನು ಕತ್ತರಿಸುವ ಮೇಷ್ಟರು ಅಹಂಕಾರಕ್ಕೆ ದಾಸರಾದರು. ಎರಡನೆಯದು ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯುವುದರಿಂದ ಹೆಚ್ಚು ಅಪಾಯಕರವು. ಆದಕಾರಣ ಕಥೆಯು ಸ್ವಂತದ್ದೋ ಎರವಲೋ ಎಂಬುದು ಗೌಣವಾದ ವಿಚಾರ. ನಂಬಿ ಬಂದವರಿಗೆ ಅದರಿಂದ ತಮ್ಮ ಮಾತನ್ನು ತಾವು ಆಡುವ ಧೈರ್ಯವು ದೊರೆಯಿತೆ ಎಂಬುದನ್ನೇ ಆಡಿಸುವವನು ತನ್ನನ್ನು ತಾನು ಕೇಳಿಕೊಳ್ಳತಕ್ಕದ್ದು.