ಗಾಜಿನ ತೊಟ್ಟಿಯೂ ಅಹಿಂಸಾ ವ್ರತವೂ

ಜೈನ ಶ್ರಾವಕರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳಿವೆ ಎನ್ನುತ್ತದೆ ತತ್ತ್ವಾರ್ಥಸೂತ್ರ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ತಾಳಲಾರದ ಹೊರೆ ಹೇರುವುದು, ಅನ್ನ ನೀರು ತಪ್ಪಿಸುವುದು. ಕಟ್ಟಿಹಾಕುವುದಕ್ಕೇ ಅಲ್ಲಿ ಮೊದಲ ಸ್ಥಾನ. ಹೊಳೆಯಲ್ಲಿ ಈಜಬೇಕಾದ ಮೀನನ್ನು ಗಾಜಿನ ನಾಲ್ಕು ಗೋಡೆಗಳ ನಡುವೆ ಇಡುವುದು ಬಂಧನವೇ ಸರಿ. ಮನೆಯ ಚೆಂದಕ್ಕೆ, ಮಕ್ಕಳ ಖುಷಿಗೆ, ವಾಸ್ತುವಿಗೆ ಎಂಬ ಯಾವ ಕಾರಣವೂ ಅದನ್ನು ಬೇರೇನನ್ನಾಗಿಯೂ ಮಾಡಲಾರದು. ಇಷ್ಟನ್ನು ಪೂರ್ತಿ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಊರು ಬಿಡುವವರು, ಆರೈಕೆ ಮಾಡಿ ಸಾಕಾದವರು ಆರಡಿ ಉದ್ದದ ತೊಟ್ಟಿಯನ್ನು ಒಳಗಿನ ಆಸ್ಕರ್ ಮೀನುಗಳ ಸಮೇತ ಮಾರುವುದು ನಮ್ಮ ನಗರಗಳಲ್ಲಿ ಸಾಮಾನ್ಯ. ಕಟ್ಟಿಹಾಕಿದವರು ಬೇರೆಯವರು, ಕೊಂಡವರ ಪಾಲಿಗೆ ಬರುವುದು ಆಗಲೇ ಕಟ್ಟುಬಿದ್ದ ಜೀವ. ಅಲ್ಲಿಂದ ಮುಂದೆ ಅಹಿಂಸೆ ಎಂದರೇನು? ಮನಸ್ಸಿನ ಮರುಕಕ್ಕಿಂತ ಹೆಚ್ಚಾಗಿ ಅದು ತೊಟ್ಟಿಯ ಕೆಳಗೆ ಕೂರಿಸುವ ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ, ಅದಕ್ಕೆ ಇಳಿಯುವ ಪೈಪಿನಲ್ಲಿ, ನೀರನ್ನು ಮತ್ತೆ ಮೇಲೆತ್ತುವ ಪಂಪಿನಲ್ಲಿ ಇದೆ ಎಂಬುದು ನನ್ನ ವಾದ. ನೀರನ್ನು ಸೋಸುವ ಈ ಪೆಟ್ಟಿಗೆಯನ್ನು ಮೀನು ಸಾಕುವವರು ಸಂಪ್ ಎನ್ನುತ್ತಾರೆ.

ಮರುಕ ಸಾಲದು ಎನ್ನುವುದಕ್ಕೆ ನೀರೇ ಸಾಕ್ಷಿ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಪಾಲು ಅಮೋನಿಯವಾಗಿ ಕಿವಿರುಗಳ ಮೂಲಕ ನೀರಿಗೇ ಸೇರುತ್ತದೆ. ಹೊಳೆಯಲ್ಲಿ ಅದು ಹರಿದು ತೆಳುವಾಗುತ್ತದೆ. ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಅಕ್ಕರೆಯಿಂದ ಒಂದು ಹಿಡಿ ಹೆಚ್ಚು ಆಹಾರ ಹಾಕಿದವರು ಅಷ್ಟೇ ವಿಷವನ್ನೂ ಹೆಚ್ಚಿಸಿರುತ್ತಾರೆ. ಹಳೆಯ ತೊಟ್ಟಿಯಲ್ಲಂತೂ ಅಪಾಯ ಇನ್ನೂ ಗೂಢ. ಬಹುಕಾಲ ನೀರು ಬದಲಿಸದಿದ್ದರೆ ನೀರು ಮೆಲ್ಲಗೆ ಆಮ್ಲೀಯವಾಗುತ್ತದೆ, ಅಮೋನಿಯವು ಅಷ್ಟಾಗಿ ಕೇಡು ಮಾಡದ ಅಮೋನಿಯಮ್ ರೂಪದಲ್ಲಿ ಕೂಡಿಬೀಳುತ್ತದೆ. ನೀರು 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು ಪಿಎಚ್ 7 ಇದ್ದಾಗ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8ಕ್ಕೇರಿದರೆ ಅದು ಐದು ಪಾಲಿನಷ್ಟಾಗುತ್ತದೆ. ಅಯ್ಯೋ ಪಾಪ ಎಂದು ಕೊಳಕು ನೀರನ್ನು ಅರ್ಧಕ್ಕರ್ಧ ಚೆಲ್ಲಿ, ಒಮ್ಮೆಲೇ ಪಿಎಚ್ ಏರಿಸುವ ಬೋರ್‌ವೆಲ್ಲಿನ ಗಡಸು ನೀರು ತುಂಬಿದವರ ಕೈಯಲ್ಲೇ ಮೀನು ಸಾಯುವುದು ಇದರಿಂದ. ಅಲ್ಲಿ ದಯೆಗೆ ಕೊರತೆಯಿರಲಿಲ್ಲ.

ಎಚ್ಚರಗೆಟ್ಟ ನಡೆಯಿಂದ ಪ್ರಾಣ ಕಳೆಯುವುದೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಪ್ರಮಾದವೇ ಅದರ ಮೂಲ. ಪುರುಷಾರ್ಥಸಿದ್ಧ್ಯುಪಾಯ ಬರೆದ ಅಮೃತಚಂದ್ರ ಸೂರಿಗಳು ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾರೆ: ರಾಗದ್ವೇಷಗಳಿಲ್ಲದೆ ಎಚ್ಚರದಿಂದ ನಡೆಯುವವನಿಂದ ಜೀವ ಹೋದರೂ ಅದು ಹಿಂಸೆಯಲ್ಲ, ಎಚ್ಚರಗೇಡಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ. ಸಂಪ್ ಜೋಡಿಸುವ ಕೆಲಸದಲ್ಲಿ ಈ ಮಾತು ಅಕ್ಷರಶಃ ನಿಜವಾಗುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದರೆ 24 ಘನ ಅಡಿ, ಸುಮಾರು 680 ಲೀಟರ್ ನೀರು. ಅದರಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 11 ಲೀಟರ್ ಕೆಳಗೆ ಬಂದಿರುತ್ತದೆ. ಕರೆಂಟ್ ಹೋದ ಕ್ಷಣ ಪಂಪ್ ನಿಂತು, ನೀರನ್ನು ಮೇಲೆ ಒಯ್ಯುತ್ತಿದ್ದ ಪೈಪೇ ಸೈಫನ್ ಆಗಿ ಕೆಳಕ್ಕೆ ಎಳೆಯತೊಡಗುತ್ತದೆ. ಪೈಪಿನ ಬಾಯಿ ಮೇಲ್ಮಟ್ಟದಿಂದ ಹತ್ತು ಸೆಂಟಿಮೀಟರ್ ಆಳದಲ್ಲಿದ್ದರೆ 110 ಲೀಟರ್ ಇಳಿದು ಬರುತ್ತದೆ. ಅಷ್ಟಕ್ಕೂ ಸಂಪಿನಲ್ಲಿ ಖಾಲಿ ಜಾಗ ಬಿಟ್ಟಿರಬೇಕು, ಇಲ್ಲವೇ ನೀರಿನ ಮಟ್ಟದ ತುಸು ಕೆಳಗೆ ಪೈಪಿಗೆ ಸಣ್ಣ ತೂತು ಕೊರೆದು ಸೈಫನ್ ಮುರಿಯುವಂತೆ ಮಾಡಿರಬೇಕು. ಒಮ್ಮುಖ ವಾಲ್ವ್ ಹಾಕಿದ್ದೇನೆ, ಸಾಕು ಎನ್ನುವವರಿದ್ದಾರೆ; ಒಂದು ಚೂರು ಪಾಚಿ ಸಿಕ್ಕಿಕೊಂಡರೂ ಆ ವಾಲ್ವ್ ಮುಚ್ಚುವುದಿಲ್ಲ. ಇಳಿಯುವ ಪೈಪು ಕಟ್ಟಿಕೊಂಡರೆ ಎಂದು ಇನ್ನೊಂದು ತುರ್ತು ಪೈಪು ಇಡಬೇಕು. ಸೆಕೆಂಡ್‌ಹ್ಯಾಂಡ್ ತೊಟ್ಟಿಯ ಅಂಚುಗಳ ಹಳೆಯ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಅಂಟದ ಕಾರಣ, ಸೋರುವ ಕಡೆ ಮೇಲೆಮೇಲೆ ಬಳಿಯದೆ ಹಳೆಯದನ್ನು ಕೆರೆದು ತೆಗೆದೇ ಹಾಕಬೇಕು; ಮೀನು ಬಿಡುವ ಮೊದಲು ಕೆಲವು ದಿನ ಬರೀ ನೀರು ತುಂಬಿಸಿಟ್ಟು ನೋಡಬೇಕು. ಇದಾವುದನ್ನೂ ಮಾಡದಿದ್ದರೂ ವರ್ಷಗಟ್ಟಲೆ ಏನೂ ಆಗದೆ ಇರಬಹುದು. ಏನೂ ಆಗದಿದ್ದರೂ ದೋಷವಿದೆ ಎಂದು ಅಮೃತಚಂದ್ರರು ಹೇಳಿದ್ದು ಇಂಥ ಅದೃಷ್ಟವಂತರನ್ನು ಕುರಿತೇ ಎನಿಸುತ್ತದೆ.

ಸಂಪಿನ ಒಳಗೆ ನಡೆಯುವುದು ಇದಕ್ಕಿಂತ ಸೂಕ್ಷ್ಮ. ಸ್ಪಂಜು, ಫಿಲ್ಟರ್ ಹತ್ತಿ ಕಣ್ಣಿಗೆ ಕಾಣುವ ಕಸವನ್ನು ಹಿಡಿಯುತ್ತವೆ, ಕಾಣದ ಅಮೋನಿಯವನ್ನಲ್ಲ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಸೆರಾಮಿಕ್ ರಿಂಗುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾ. ಇಂಥ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವರು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಹೊಸದಾಗಿ ನೆಲೆಯೂರಲು ಅವಕ್ಕೆ ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಸಾಗಣೆಯ ದಿನ ಹಳೆಯ ಫಿಲ್ಟರಿನ ರಿಂಗು, ಸ್ಪಂಜುಗಳನ್ನು ಹಳೆಯ ನೀರಿನಲ್ಲೇ ನೆನೆಸಿಟ್ಟು ತರಬೇಕು. ತೊಳೆಯುವುದಿದ್ದರೆ ತೊಟ್ಟಿಯ ನೀರಿನಲ್ಲೇ ತೊಳೆಯಬೇಕು, ನಲ್ಲಿಯ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಸೇದಿದ ಬಾವಿಗೇ ಮರಳಿಸುವ ಜೈನ ಪದ್ಧತಿ ಸೂಕ್ಷ್ಮದರ್ಶಕಕ್ಕಿಂತ ಬಹಳ ಹಿಂದಿನದು. ಸೋಸಿ ಉಳಿದದ್ದು ಕಸವೆಂದು ಎಸೆಯಬೇಡ, ಅಲ್ಲಿ ಜೀವವಿದೆ ಎಂಬ ಆ ಎಚ್ಚರ ಫಿಲ್ಟರಿನ ಕಂದು ಲೋಳೆಗೂ ಸಲ್ಲುತ್ತದೆ. ಬ್ಯಾಕ್ಟೀರಿಯಾದ ಬಗ್ಗೆ ಹಿಂದಿನವರಿಗೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಗೊತ್ತಿಲ್ಲದ ಜೀವಕ್ಕೂ ಜಾಗ ಬಿಡುವ ನಡತೆ ಅವರಲ್ಲಿತ್ತು, ಅದು ದೊಡ್ಡದು.

ಇಷ್ಟೆಲ್ಲ ಏಕೆ, ಮೀನನ್ನು ಕೆರೆಗೆ ಬಿಟ್ಟುಬಿಡಿ, ಬಂಧನವೇ ಕಳೆಯುತ್ತದಲ್ಲ ಎಂದು ಕೇಳಬಹುದು. ಆಸ್ಕರ್ ಅಮೆಜಾನ್ ಕಡೆಯ ಮೀನು, ಬೇಟೆಯಾಡಿ ತಿನ್ನುವಂಥದ್ದು. ತೊಟ್ಟಿಯಲ್ಲಿ ಬೆಳೆದು ದೊಡ್ಡದಾಯಿತೆಂದು ಬಿಟ್ಟ ಸಕ್ಕರ್ ಮೀನುಗಳು ಭಾರತದ ಹಲವು ಕೆರೆ ಹೊಳೆಗಳಲ್ಲಿ ತಳವೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ಹಾಗೆ ಬಿಡುವುದು ಒಂದು ಜೀವದ ಹೊಣೆಯನ್ನು ನೂರು ಜೀವಗಳ ಮೇಲೆ ಹೊರಿಸಿದಂತೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಂಪ್ ಎಂದರೆ ಸೆರೆಮನೆಗೆ ಸುಣ್ಣ ಬಳಿದಂತೆ, ಅದು ಸಾಕುವವನ ಮನಸ್ಸನ್ನು ಹಗುರ ಮಾಡುತ್ತದೆಯೇ ಹೊರತು ಮೀನಿನ ಬಂಧನವನ್ನಲ್ಲ. ಇದರಲ್ಲಿ ಅರ್ಧ ನಿಜವಿದೆ. ಸಂಪ್ ಇಟ್ಟವರು ನೀರು ಹೆಚ್ಚಾಯಿತು, ಫಿಲ್ಟರ್ ದೊಡ್ಡದಾಯಿತು ಎಂದು ಇನ್ನಷ್ಟು ಮೀನು ತಂದು ತುಂಬುವುದನ್ನು ಎಷ್ಟೋ ಕಡೆ ಕಾಣಬಹುದು. ಅವರ ವಿಷಯದಲ್ಲಿ ಆಕ್ಷೇಪ ಗೆಲ್ಲುತ್ತದೆ. ಆದರೆ ಬಂಧನ ಕಳೆಯಲಾಗದು ಎಂಬುದು ವಿಷವನ್ನೂ ಕಳೆಯದಿರಲು ಕಾರಣವಾಗುವುದಿಲ್ಲ. ಹೆಚ್ಚಿದ ನೀರು ಈಗಿರುವ ಮೀನುಗಳ ಪಾಲಿನದು, ಅಂಗಡಿಯಲ್ಲಿರುವ ಮೀನಿನದಲ್ಲ. ಅಷ್ಟು ಮಾಡಿದರೂ ಫಿಲ್ಟರಿನ ಕೊನೆಯ ಫಲವಾದ ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ, ಅದನ್ನು ಹೊರಹಾಕಲು ಯಾರಾದರೂ ಕೈಯಾರೆ ನೀರು ಬದಲಿಸಲೇಬೇಕು. ವಾರಕ್ಕೊಮ್ಮೆ ಕಾಲು ಭಾಗ ತೆಗೆದು, ಕ್ಲೋರಿನ್ ಕಳೆದ ನೀರು ತುಂಬುವ ಈ ಕೆಲಸ ಆಸ್ಕರ್ ಬದುಕುವ ಹತ್ತಾರು ವರ್ಷವೂ ನಿಲ್ಲುವಂತಿಲ್ಲ. ತೊಟ್ಟಿಯ ಬೆಲೆ ಕುದುರಿಸುವ ಹೊತ್ತಿನಲ್ಲೇ ಕೊಳ್ಳುವವರು ಅಷ್ಟು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ಮಾಡಲಾರದವರು ಅದನ್ನು ಮಾಡಬಲ್ಲವರಿಗೆ ಬಿಟ್ಟುಕೊಡಬೇಕು.