ಗೊರಸು ತೋಡಿದ ಕೆರೆ

ಓಹಾಯೋದ ಆಕ್ರನ್‌ನಲ್ಲಿರುವ ನಮ್ಮ ಮನೆಯಿಂದ ಕ್ಯಾಂಟನ್ ಊರಿಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. 2009ರ ಬೇಸಿಗೆಯಲ್ಲಿ ಅಪ್ಪ ಮದ್ದೂರಿನಿಂದ ಬಂದಿದ್ದಾಗ ಅಲ್ಲಿನ, ಅಮೆರಿಕನ್ ಫುಟ್‌ಬಾಲಿನ ಹೆಸರಾಂತರನ್ನು ನೆನೆಯುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ತೋರಿಸಲು ಕರೆದುಕೊಂಡು ಹೋದೆ. ಮಬ್ಬು ಬೆಳಕಿನ ಕೋಣೆಯಲ್ಲಿ ಸಾಲುಸಾಲಾಗಿ ಕಂಚಿನ ತಲೆಗಳು. ಅಪ್ಪ ಬಾಗಿಲಲ್ಲೇ ದನಿ ತಗ್ಗಿಸಿದರು. ಎರಡು ಸಾಲು ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು: “ಯಾವ್ ಯುದ್ಧದಲ್ಲಿ ಸತ್ತೋರವ್ವಾ ಇವ್ರೆಲ್ಲ?”

“ಸತ್ತೋರಲ್ಲಪ್ಪ, ಆಟ ಆಡ್ದೋರು. ಬಾಳ ಜನ ಇನ್ನೂ ಬದುಕವ್ರೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಯಾರ್ನ ಉಳಿಸುದ್ರು?” ಅಂದರು.

ಅವರ ಮಟ್ಟಿಗೆ ಅದು ಸಹಜವಾದ ಪ್ರಶ್ನೆ. ನಮ್ಮ ಕಡೆ ಕೆರೆ ಏರಿಯ ಮೇಲೋ ಊರ ಮುಂದಿನ ಮರದ ಬುಡದಲ್ಲೋ ವೀರಗಲ್ಲು ನಿಂತಿರುತ್ತದೆ. ತುರು ಬಿಡಿಸಲು ಹೋಗಿ ಸತ್ತವನದು, ಊರು ಕಾಯುತ್ತ ಸತ್ತವನದು. ಕಲ್ಲಿನ ಮೇಲೆ ಬಹುಮಟ್ಟಿಗೆ ಒಂದೇ ದಿನದ ಕೆಲಸ ಇರುತ್ತದೆ. ಜೀವಮಾನದ ಲೆಕ್ಕ ಇರುವುದಿಲ್ಲ. ಕ್ಯಾಂಟನ್‌ನಲ್ಲಿ ಲೆಕ್ಕವೇ ಮೊದಲು. ಆಟ ಬಿಟ್ಟು ಐದು ವರ್ಷ ಕಾಯಬೇಕು; ಸುಮಾರು 50 ಜನರ ಸಮಿತಿ ಕೂತು ವಾದಿಸಬೇಕು; ನೂರಕ್ಕೆ 80ರಷ್ಟು ಮತ ಬೀಳಬೇಕು. ಅದರಲ್ಲೂ ರನ್ನಿಂಗ್ ಬ್ಯಾಕ್‌ಗಳ ವಿಷಯ ಬಂದರೆ ಈ ಊರುಗಳಲ್ಲಿ ವಾದ ಸಮಿತಿಯ ಕೋಣೆಯಲ್ಲಿ ನಿಲ್ಲುವುದಿಲ್ಲ. ಕ್ಷೌರದಂಗಡಿಯಿಂದ ಚರ್ಚಿನ ಊಟದ ಮೇಜಿನವರೆಗೆ ನಡೆಯುತ್ತದೆ. ನಾನು ಫಿಸಿಯೋಥೆರಪಿಸ್ಟ್. ನನ್ನ ಕೋಣೆಯಲ್ಲೂ ನಡೆಯುತ್ತದೆ.

ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವವನು. ಕಬಡ್ಡಿಯಲ್ಲಿ ದಾಳಿಗೆ ಹೋದವನು ತನ್ನ ಗೆರೆಗೆ ವಾಪಸು ಬರಬೇಕು. ಇವನಿಗೆ ವಾಪಸು ಬರುವ ಮಾತಿಲ್ಲ, ಮುಂದೆ ಹೋಗಬೇಕು, ಕೆಡವುವವರೆಗೆ. ಒಂದು ಪಂದ್ಯದಲ್ಲಿ 20–25 ಸಲ ನುಗ್ಗಿದರೆ ಹೆಚ್ಚುಕಡಿಮೆ ಅಷ್ಟೇ ಸಲ ಯಾರಾದರೂ ಅವನನ್ನು ನೆಲಕ್ಕೆ ಹಾಕುತ್ತಾರೆ. ಆ ಮಂಡಿಗಳು ನನಗೆ ಗೊತ್ತು. ಹೈಸ್ಕೂಲಿನಲ್ಲಿ ಮೂರು ವರ್ಷ ಆಡಿ ಬಿಟ್ಟವರದೂ, ಐವತ್ತು ದಾಟುವ ಹೊತ್ತಿಗೆ, ಚಿಪ್ಪಿನ ಮೇಲೆ ಅಂಗೈ ಇಟ್ಟು ಕಾಲು ಮಡಚಿಸಿದರೆ ಒಳಗೆ ಮರಳು ತುಂಬಿದ ಹಾಗೆ ಕರಕರ ಎನ್ನುತ್ತದೆ. ಕಿವಿಗಿಂತ ಮೊದಲು ಅಂಗೈಗೆ ಕೇಳುತ್ತದೆ ಅದು.

ಈ ಚಳಿಗಾಲ ಮಂಡಿ ಬದಲಾಯಿಸಿಕೊಂಡು ಬಂದ ಹಿರಿಯರೊಬ್ಬರು ಹೈಸ್ಕೂಲಿನಲ್ಲಿ ಲೈನ್‌ಮನ್ ಆಗಿದ್ದವರು, ಅಂದರೆ ಓಡುವವನಿಗೆ ಮೈಯೊಡ್ಡಿ ದಾರಿ ಬಿಡಿಸಿಕೊಟ್ಟವರು. ಅವರಿಗೂ ಪಕ್ಕದ ಮಂಚದವರಿಗೂ ವಾದ: ಟೆರೆಲ್ ಡೇವಿಸ್ ದೊಡ್ಡವನೋ, ಫ್ರಾಂಕ್ ಗೋರ್ ದೊಡ್ಡವನೋ? ಗೋರ್ 16 ವರ್ಷ ಆಡಿ ಸರಿಯಾಗಿ 16,000 ಯಾರ್ಡ್ ಓಡಿದ. ಅವನಿಗಿಂತ ಹೆಚ್ಚು ಓಡಿದವರು ಇಬ್ಬರೇ, ಎಮ್ಮಿಟ್ ಸ್ಮಿತ್ ಮತ್ತು ವಾಲ್ಟರ್ ಪೇಟನ್. ಆದರೆ ಯಾವ ಒಂದು ವರ್ಷದಲ್ಲೂ ಲೀಗಿಗೆ ಮೊದಲಿಗನಾಗಲಿಲ್ಲ. ಡೇವಿಸ್ ಆಡಿದ್ದು 78 ಪಂದ್ಯ. 1998ರ ಒಂದೇ ಋತುವಿನಲ್ಲಿ 2,008 ಯಾರ್ಡ್. ಅದೇ ವರ್ಷದ ಜನವರಿಯ ಫೈನಲ್ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಮೈಗ್ರೇನ್ ಬಂದು ಕಣ್ಣು ಮಂಜಾಗಿದ್ದಾಗಲೂ ಎದುರಾಳಿಯನ್ನು ಮರುಳುಮಾಡಲು ಒಂದು ಸರದಿಗೆ ಮೈದಾನಕ್ಕಿಳಿದ. ಸುಧಾರಿಸಿಕೊಂಡು ಬಂದು ಒಟ್ಟು ಮೂರು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ. ಆಮೇಲೆ ಮಂಡಿ ಹೋಯಿತು. ಹಾಲ್ ಅವನಿಗೆ ಬಾಗಿಲು ತೆರೆದದ್ದು 2017ರಲ್ಲಿ. ಇಷ್ಟು ವರ್ಷ ಕಾಯಿಸಿದ್ದಕ್ಕೆ ಕಾರಣ ಒಂದೇ, ಲೆಕ್ಕದಲ್ಲಿ ಕಮ್ಮಿ.

ನನಗೆ ಈ ಕಮ್ಮಿ ಎಂಬ ಮಾತು ಹಿಡಿಸುವುದಿಲ್ಲ. ಗೇಲ್ ಸೇಯರ್ಸ್ ಆಡಿದ್ದು ಇನ್ನೂ ಕಮ್ಮಿ, 68 ಪಂದ್ಯ. 1965ರ ಡಿಸೆಂಬರ್ 12ರಂದು ಷಿಕಾಗೋದ ರಿಗ್ಲಿ ಫೀಲ್ಡ್ ಕೆಸರಾಗಿತ್ತು. ಉಳಿದವರು ಜಾರುತ್ತಿದ್ದ ಆ ನೆಲದಲ್ಲಿ ಅವನು ಆರು ಟಚ್‌ಡೌನ್ ಮಾಡಿದ. ಅದರ ಚಿತ್ರ ನೋಡಿದ್ದೇನೆ. ದಿಕ್ಕು ಬದಲಿಸುವಾಗ ಅವನ ಮಂಡಿ ಒಳಕ್ಕೆ ಬೀಳುವುದೇ ಇಲ್ಲ. ಸೊಂಟ ಮೊದಲು ತಿರುಗುತ್ತದೆ, ಪಾದ ಆಮೇಲೆ. ಸಾವಿರಾರು ಕಾಲು ನೋಡಿದ ಮೇಲೂ ನನಗೆ ಅದು ಪೂಜೆಯ ಹಾಗೆ ಕಾಣುತ್ತದೆ. ಮೂರು ವರ್ಷಕ್ಕೆ ಬಲಮಂಡಿ ಹೋಯಿತು, ಆಮೇಲೆ ಎಡದ್ದು. ಆದರೂ 1977ರಲ್ಲಿ, 34ನೇ ವಯಸ್ಸಿಗೆ, ಹಾಲ್ ಅವನನ್ನು ಒಳಗೆ ಕರೆದುಕೊಂಡಿತು. ಆ ಸಲ ಸಮಿತಿ ವೀರಗಲ್ಲಿನ ಕಣ್ಣಿನಿಂದ ನೋಡಿತು ಅಂತ ನನ್ನ ನಂಬಿಕೆ.

ಹಾಗಾದರೆ ಗೋರ್ ಬೇಡವೇ? ಬೇಕು. ಹದಿನಾರು ವರ್ಷ ಆ ಮಂಡಿಗಳನ್ನು ಕಾಪಾಡಿಕೊಂಡು ಬೆಳಿಗ್ಗೆ ಎದ್ದು ಮತ್ತೆ ನುಗ್ಗುವುದು ಒಂದು ವ್ರತ. ನನಗೆ ತೊಡಕು ಕಾಣುವುದು ಅರ್ಹತೆ ಎಂಬ ಮಾತಿನಲ್ಲೇ. ಓಡಿದವನು ಕೂಲಿ ದುಡಿದಿದ್ದಾನೆ, ಕೀರ್ತಿ ಅವನ ಕೂಲಿ, ಸಮಿತಿ ಬಟವಾಡೆ ಮಾಡುತ್ತದೆ ಎಂಬಂತೆ ಎಲ್ಲರೂ ಮಾತಾಡುತ್ತಾರೆ. ಕೆಲಸವಷ್ಟೇ ನಿನ್ನದು, ಫಲ ನಿನ್ನ ಕೈಯಲ್ಲಿಲ್ಲ ಎಂಬುದನ್ನು ಕೇಳಿ ಬೆಳೆದವಳು ನಾನು. ಹಾಗಾದರೆ ಕೀರ್ತಿ ಯಾರ ಕೈಯಲ್ಲಿದೆ?

ಮಹಾಭಾರತದ ವನಪರ್ವದಲ್ಲಿ ಇಂದ್ರದ್ಯುಮ್ನನ ಕತೆ ಬರುತ್ತದೆ. ಭೂಮಿಯ ಮೇಲೆ ತನ್ನ ಹೆಸರು ಮರೆತುಹೋಯಿತೆಂದು ಆ ರಾಜ ಸ್ವರ್ಗದಿಂದ ಬಿದ್ದ. ನನ್ನನ್ನು ಬಲ್ಲೆಯಾ ಎಂದು ಮಾರ್ಕಂಡೇಯನನ್ನು ಕೇಳಿದ, ಇಲ್ಲ. ಮುದಿಗೂಬೆಯನ್ನು ಕೇಳಿದ, ಅದಕ್ಕಿಂತ ಮುದಿಯಾದ ಕೊಕ್ಕರೆಯನ್ನು ಕೇಳಿದ, ಅವಕ್ಕೂ ನೆನಪಿಲ್ಲ. ಕೊನೆಗೆ ಕೆರೆಯೊಳಗಿನ ಆಮೆ ಮೇಲೆ ಬಂದು ಅವನನ್ನು ನೋಡಿ ಕಣ್ಣೀರು ಹಾಕಿತು. ನಾನಿರುವ ಈ ಕೆರೆ ನೀನು ದಾನ ಕೊಟ್ಟ ಹಸುಗಳು ತುಳಿದು ತುಳಿದು ಆದದ್ದು ಎಂದಿತು. ಅಷ್ಟಕ್ಕೇ ರಾಜನಿಗೆ ಸ್ವರ್ಗ ಮರಳಿ ಸಿಕ್ಕಿತು. ಈ ಕತೆಯನ್ನು ಮೊದಲು ಕೇಳಿದಾಗ ಆಮೆಯ ಬಗ್ಗೆ ಯೋಚಿಸಿದ್ದೆ. ಈಗ ಹಸುಗಳ ಬಗ್ಗೆಯೂ ಯೋಚಿಸುತ್ತೇನೆ. ಕೆರೆ ತೋಡಿದ್ದು ರಾಜನಲ್ಲ, ಗೊರಸು.

ಲೊರೆಂಜೊ ನೀಲ್ ಎಂಬ ಫುಲ್‌ಬ್ಯಾಕ್ ಇದ್ದ. ಅವನ ಕೆಲಸ, ಚೆಂಡಿರುವವನ ಮುಂದೆ ಓಡಿ, ಎದುರು ಬಂದವನಿಗೆ ತಲೆಹೆಗಲು ಕೊಟ್ಟು ಗುದ್ದುವುದು. 1997ರಿಂದ 2007ರವರೆಗೆ, ಸತತ 11 ಋತು, ಅವನ ಬೆನ್ನ ಹಿಂದೆ ಓಡಿದವನು ಸಾವಿರ ಯಾರ್ಡ್ ದಾಟಿದ. ತಂಡ ಬದಲಾಯಿತು, ಓಡುವವನು ಬದಲಾದ. ಮುಂದೆ ನೀಲ್ ಇದ್ದ. ಆ 11 ಋತುಗಳ ಕೊನೆಯ ಐದು ವರ್ಷ ಅವನ ಹಿಂದೆ ಓಡಿದ ಲಡೇನಿಯನ್ ಟಾಮ್ಲಿನ್‌ಸನ್ 2006ರ ಒಂದೇ ಋತುವಿನಲ್ಲಿ 31 ಟಚ್‌ಡೌನ್ ಮಾಡಿ, ಮುಂದೆ ಡೇವಿಸ್ ಜೊತೆಯಲ್ಲೇ ಹಾಲ್ ಸೇರಿದ. ನೀಲ್ 16 ವರ್ಷ ಆಡಿದರೂ ತನ್ನ ಹೆಸರಿನಲ್ಲಿ ಸಾವಿರ ಯಾರ್ಡ್ ಮುಟ್ಟಲಿಲ್ಲ. ನನ್ನ ಕೈಯಲ್ಲಿ ಮತವಿದ್ದಿದ್ದರೆ ಮೊದಲು ಇವನಿಗೆ ಹಾಕುತ್ತಿದ್ದೆ.

ಯಾರನ್ನು ಉಳಿಸಿದರು ಎಂಬ ಅಪ್ಪನ ಮಾತಿಗೆ ಆ ಕೋಣೆಯಲ್ಲಿ ಒಂದು ನೇರ ಉತ್ತರವೂ ಇತ್ತು, ನನಗೆ ಆಗ ಗೊತ್ತಿರಲಿಲ್ಲ. ಮರಿಯನ್ ಮಾಟ್ಲಿ. ಅದೇ ಕ್ಯಾಂಟನ್‌ನಲ್ಲಿ ಬೆಳೆದವನು. ವೃತ್ತಿ ಫುಟ್‌ಬಾಲ್ ಕಪ್ಪು ಜನರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿತ್ತು. 1946ರಲ್ಲಿ, ಮೇಜರ್ ಲೀಗ್ ಬೇಸ್‌ಬಾಲ್‌ಗೆ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಬರುವುದಕ್ಕೆ ಒಂದು ವರ್ಷ ಮುಂಚೆ, ಅದನ್ನು ತೆರೆದ ನಾಲ್ವರಲ್ಲಿ ಒಬ್ಬ. ಆ ವರ್ಷ ಮಯಾಮಿಯ ಪಂದ್ಯಕ್ಕೆ ಕ್ಲೀವ್‌ಲ್ಯಾಂಡ್ ತಂಡ ತನ್ನಲ್ಲಿ ಆಡುತ್ತಿದ್ದ ಅವನನ್ನೂ ಆ ನಾಲ್ವರಲ್ಲಿ ಇನ್ನೊಬ್ಬನಾದ ಬಿಲ್ ವಿಲ್ಲಿಸ್‌ನನ್ನೂ ಬಿಟ್ಟು ಹೋಗಬೇಕಾಯಿತು, ಬಣ್ಣದ ಕಾರಣಕ್ಕೆ. ಮಾಟ್ಲಿಯ ಒಟ್ಟು ಓಟ 4,720 ಯಾರ್ಡ್. ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಅವನು ಓಡುವುದಷ್ಟೇ ಅಲ್ಲ, ಚೆಂಡೆಸೆಯುವ ಆಟೊ ಗ್ರಹಾಮ್‌ನ ಮುಂದೆ ಗೋಡೆಯಾಗಿಯೂ ನಿಲ್ಲುತ್ತಿದ್ದ.

ಇನ್ನು ಒ.ಜೆ. ಸಿಂಪ್ಸನ್. 1973ರಲ್ಲಿ 14 ಪಂದ್ಯಗಳಲ್ಲಿ 2,003 ಯಾರ್ಡ್ ಓಡಿ, ಆ ಲೆಕ್ಕ ಮುಟ್ಟಿದ ದಿನ ಪತ್ರಕರ್ತರ ಮುಂದೆ ತನಗೆ ದಾರಿ ಬಿಡಿಸಿದವರನ್ನೆಲ್ಲ ಕರೆತಂದು ಹೆಸರು ಹೇಳಿ ಪರಿಚಯಿಸಿದವನು ಅವನೇ. 1985ರಲ್ಲಿ ಹಾಲ್ ಸೇರಿದ. 1994ರಲ್ಲಿ ಅವನ ಮಾಜಿ ಹೆಂಡತಿಯೂ ಆಕೆಯ ಗೆಳೆಯನೊಬ್ಬನೂ ಕೊಲೆಯಾದರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. 1997ರಲ್ಲಿ ಸಿವಿಲ್ ನ್ಯಾಯಾಲಯ ಆ ಸಾವುಗಳಿಗೆ ಅವನೇ ಹೊಣೆ ಎಂದಿತು. ಕಂಚಿನ ತಲೆ ಇದ್ದಲ್ಲೇ ಇದೆ. ಮೈದಾನದ ಆಟವನ್ನಷ್ಟೇ ನೋಡಬೇಕೆಂಬುದು ಅಲ್ಲಿನ ನಿಯಮ. ಅದರ ಮುಂದೆ ನಿಂತಾಗ ನನಗೆ ಸ್ವರ್ಗಾರೋಹಣ ಪರ್ವ ನೆನಪಾಗುತ್ತದೆ. ಸ್ವರ್ಗಕ್ಕೆ ಹೋದ ಧರ್ಮರಾಯ ಮೊದಲು ಕಂಡದ್ದು ಸಿಂಹಾಸನದ ಮೇಲೆ ಕೂತ ದುರ್ಯೋಧನನನ್ನು. ಯುದ್ಧದಲ್ಲಿ ಹೆದರದೆ ಸತ್ತದ್ದಕ್ಕೆ ಸಿಕ್ಕ ಜಾಗ ಅದು. ಧರ್ಮರಾಯ ಮುಖ ತಿರುಗಿಸಿದ. ಕವಿ ದುರ್ಯೋಧನನನ್ನು ಎಬ್ಬಿಸಲಿಲ್ಲ, ಧರ್ಮರಾಯನ ಸಿಟ್ಟನ್ನೂ ಮುಚ್ಚಿಡಲಿಲ್ಲ. ಪುಣ್ಯದಿಂದ ಪಾಪವನ್ನು ಕಳೆದು ಉಳಿದದ್ದನ್ನು ಲೆಕ್ಕ ಹಾಕುವ ಕ್ರಮ ನಮ್ಮಲ್ಲಿಲ್ಲ. ಎರಡನ್ನೂ ಬೇರೆಬೇರೆ ಉಣ್ಣಬೇಕು. ಸಿಂಪ್ಸನ್ನನ ತಲೆ ತೆಗೆಯಬೇಕೆಂದು ನಾನು ಹೇಳಲಾರೆ. ಪಕ್ಕದಲ್ಲಿ ಉಳಿದ ಕತೆಯೂ ಇರಬೇಕು ಎನ್ನುತ್ತೇನೆ. ಕೊಲೆಯಾದ ಆ ಇಬ್ಬರಿಗೂ ನೆನಪಿನಲ್ಲಿ ಪಾಲಿದೆ.

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲಿನ ಶಾಸನ ಹೇಳುವಂತೆ, ಗಂಗರ ಬೂತುಗನಿಗೆ ಯುದ್ಧ ಗೆಲ್ಲಲು ನೆರವಾದ ಮಣಲೆರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲಿನ ಮೇಲೆ ಇವತ್ತಿಗೂ ನಾಯಿ ಹಂದಿಯ ಮೇಲೆ ಬಿದ್ದೇ ಇದೆ. ನಾಯಿಗೆ ಅರ್ಹತೆ ಇತ್ತೋ ಎಂದು ಯಾರೂ ಮತ ಹಾಕಲಿಲ್ಲ. ಅದರ ಬದಲು ಶಾಸನ ಬದುಕಿರುವವನನ್ನು ಕಟ್ಟಿಹಾಕುತ್ತದೆ: ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ. ನೆನೆಯುವುದು ಸತ್ತವನ ಹಕ್ಕಲ್ಲ, ಉಣ್ಣುವವನ ಋಣ. ಸಮಿತಿಯವರು ಇವನು ಎಷ್ಟು ಗಳಿಸಿದ ಎಂದು ಕೇಳುವ ಬದಲು ನಾವು ಇವನಿಗೆ ಏನು ಬಾಕಿ ಎಂದು ಕೇಳಲಿ ಎಂಬುದು ನನ್ನ ಆಸೆ.

ಹೋದ ವಾರ ಆ ಹಿರಿಯ ಲೈನ್‌ಮನ್ ಕೊನೆಯ ಸಲ ಬಂದಿದ್ದರು. ಮಂಡಿ 118 ಡಿಗ್ರಿ ಮಡಚಿತು. ನೋವು ಮರೆಯಲಿ ಎಂದು ನಾನೇ ಮಾತು ತೆಗೆದೆ: ನೀವು ಕಂಡ ಒಳ್ಳೆಯ ರನ್ನಿಂಗ್ ಬ್ಯಾಕ್ ಯಾರು? ಇಲ್ಲಿ ಎಲ್ಲರ ಬಾಯಲ್ಲಿರುವ ಜಿಮ್ ಬ್ರೌನ್ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಹೈಸ್ಕೂಲಿನ ಒಬ್ಬ ಹುಡುಗನ ಕತೆ ಹೇಳಿದರು. ಮಳೆಯ ಸಂಜೆ, ಇವರು ಇಬ್ಬರನ್ನು ಎಡಕ್ಕೆ ತಳ್ಳಿ ಹಿಡಿದರಂತೆ, ಆ ಹುಡುಗ ಇವರ ಬೆನ್ನಿಗೆ ಕೈಯಿಟ್ಟು ಪಕ್ಕದಿಂದ ಹಾರಿ 43 ಯಾರ್ಡ್ ಓಡಿದನಂತೆ. ಆಮೇಲೆ ಅವನು ಕಾಲೇಜಿಗೆ ಹೋಗಲಿಲ್ಲ. ಟೈರು ಕಾರ್ಖಾನೆ ಸೇರಿದ. ತೀರಿಕೊಂಡು ಬಹಳ ವರ್ಷವಾಯಿತು. “ಅವನ ಕೈ ಇಲ್ಲಿ ತಾಗಿತ್ತು” ಎಂದು ಮಲಗಿದ್ದಲ್ಲೇ ಕೈ ಹಿಂದೆ ಮಾಡಿ ಸೊಂಟದ ಮೇಲಿನ ಜಾಗ ತೋರಿಸಿದರು.

ಹೆಸರು ಕೇಳಿದೆ. ಪೂರ್ತಿ ಹೆಸರು ಹೇಳಿದರು, ಅಂಗಿಯ ನಂಬರನ್ನೂ ಹೇಳಿದರು. ನಾನು ಮಂಡಿಯ ಕೋನ ಅಳೆಯುವ ಗೋನಿಯೋಮೀಟರ್ ಕೆಳಗಿಟ್ಟು, ಚೀಟಿಯೊಂದರ ಹಿಂದೆ ಕನ್ನಡದಲ್ಲೇ ಅದನ್ನು ಬರೆದುಕೊಂಡೆ.